ಒಂಟಿ ಹಿರಿಯರ ಪಟ್ಟಿ

"ಸುತ್ತಿ ಬಳಸಿ ಹೇಳ್ಬೇಡ. ಇದು ನಿನ್ನ ಸಹಿ ಹೌದೋ ಅಲ್ವೋ?"

"ನನ್ನದೇ."

"ಒಂಟಿ ಹಿರಿಯರ ಪಟ್ಟಿಲಿ ನಿನ್ನ ಹೆಸರು ಹೇಗೆ ಬಂತು?"

"ಅರ್ಜಿ ಹಾಕಿದೆ. ಬಂತು."

ಜಿಯಾಯಿ ಪೇಟೆಯಲ್ಲಿ ಜುಲೈ ತಿಂಗಳ ಸೆಕೆ. ಅರವತ್ತೇಳರ ಶ್ಯೂಲ್ವಾನ್ ಸ್ವಯಂಸೇವಕರ ಹಳದಿ ಜಾಕೆಟ್ಟನ್ನೂ ಕಳಚದೆ ಬಾಗಿಲಲ್ಲೇ ನಿಂತಿದ್ದಳು. ಅವಳ ಗಂಡ ಜಿನ್‌ತಿಯೆನ್ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಬನಿಯನ್ನಿನಲ್ಲಿ ಫ್ಯಾನಿನ ಮುಂದೆ ಕೂತು ಸೀಬೆಹಣ್ಣು ಹೆಚ್ಚುತ್ತಿದ್ದ. ಒಂಟಿ ಹಿರಿಯರ ಮನೆಗಳಿಗೆ ಭೇಟಿ ಕೊಡಲು ಸಮುದಾಯ ಭವನದವರು ಆ ಮಧ್ಯಾಹ್ನ ಅವಳಿಗೊಂದು ಅರ್ಜಿಗಳ ಕಟ್ಟು ಕೊಟ್ಟಿದ್ದರು. ಮೇಲಿನ ಅರ್ಜಿಯಲ್ಲೇ ಅವಳ ಸ್ವಂತ ಮನೆಯ ವಿಳಾಸ.

"ಒಂಟಿ ಅಂದ್ರೆ ಜೊತೆಗೆ ಯಾರೂ ಇಲ್ದೋರು. ನಿನಗೆ ನಾನಿಲ್ವಾ?"

"ಇದೀಯಾ?"

"ಇಲ್ಲೇ ನಿಂತಿದೀನಲ್ಲ."

"ಈಗ ನಿಂತಿದೀಯ. ಆ ಕಾಗದ ಬಂದಿದ್ದಕ್ಕೆ."

"ಬೇಸಿಗೆ ಅಂದ್ರೆ ಕೆಲಸ ಜಾಸ್ತಿ. ಎಲ್ಲಾ ಒಟ್ಟಿಗೇ ಬರತ್ತೆ."

"ಹೌದು. ಸೋಮವಾರ ಆಸ್ಪತ್ರೆಲಿ ಬಂದೋರಿಗೆ ದಾರಿ ತೋರಿಸ್ತೀಯ. ಮಂಗಳವಾರ ಹಾಡಿನ ತಂಡ. ಬುಧವಾರ ಮುದುಕರಿಗೆ ಅಡುಗೆ."

"ಹಿರಿಯರಿಗೆ."

"ಹಿರಿಯರಿಗೆ ಮೀನಿನ ಸಾರು, ನನಗೆ ಬ್ರೆಡ್ಡು. ಗುರುವಾರ ಈ ಮನೆ ಭೇಟಿ. ಶುಕ್ರವಾರ ಆ ಪುಟ್ಟ ಗಿಟಾರಿನ ಪಾಠ. ಶನಿವಾರ ಸೊಳ್ಳೆಮರಿ ಹುಡುಕೋದು."

"ಡೆಂಗ್ಯೂ ಈಗಲೇ ಬರೋದು. ಚಳಿಗಾಲದಲ್ಲಿ ಬಾ ಅಂತ ಹೇಳಿ ಕಳಿಸ್ಲಾ?"

"ಹೋದ ಶನಿವಾರ ನಮ್ಮನೆಗೂ ಬಂದಿದ್ದೆ. ಹೂಕುಂಡದ ತಟ್ಟೇಲಿ ನೀರಿದೆ ಅಂತ ಎಚ್ಚರಿಕೆ ಚೀಟಿ ಕೈಗೆ ಕೊಟ್ಟು ಹೋದೆ. ಕುಡಿಯೋಕೆ ಏನಾದ್ರೂ ಬೇಕಾ ಅಂತ ನಾನು ಕೇಳೋ ಹೊತ್ತಿಗೆ ಪಕ್ಕದ ಮನೇಲಿದ್ದೆ."

ಶ್ಯೂಲ್ವಾನ್ ಕುರ್ಚಿ ಎಳೆದುಕೊಂಡು ಅವನೆದುರು ಕೂತಳು. ಪೆನ್ನು ತೆಗೆದಳು.

"ಸರಿ. ಅರ್ಜಿ ಬಂದಮೇಲೆ ವಿಚಾರಿಸ್ಲೇಬೇಕು. ಅಜ್ಜ, ಚೆನ್ನಾಗಿದೀರಾ?"

"ಅಜ್ಜನಾ?"

"ಭೇಟಿಗೆ ಹೋದಾಗ ಹಾಗೇ ಕರೀಬೇಕು ಅಂತ ಹೇಳಿದಾರೆ. ಅಜ್ಜ, ದಿನಕ್ಕೆ ಎಷ್ಟು ಸಲ ಊಟ ಮಾಡ್ತೀರಿ?"

"ಮೂರು. ಅದ್ರಲ್ಲಿ ಎರಡು ರೇಡಿಯೋ ಜೊತೆ."

"ದಿನಾ ಯಾರ ಹತ್ರನಾದ್ರೂ ಮಾತಾಡ್ತೀರಾ?"

"ಹೆಂಡತಿ ಹತ್ರ. ಅವಳು ಚಪ್ಪಲಿ ಹುಡುಕೋ ಹೊತ್ತಲ್ಲಿ."

ಅವಳು ಅದನ್ನೂ ಬರೆದುಕೊಂಡಳು.

"ಈ ವರ್ಷ ಮನೇಲಿ ಜಾರಿ ಬಿದ್ದಿದ್ದುಂಟಾ?"

"ಒಂದ್ಸಲ. ಮೇ ತಿಂಗಳಲ್ಲಿ, ಬಚ್ಚಲಲ್ಲಿ."

ಪೆನ್ನು ನಿಂತಿತು.

"ನನಗೆ ಹೇಳ್ಲೇ ಇಲ್ಲ ನೀನು."

"ಅವತ್ತು ನಿನಗೆ ಪ್ರಥಮ ಚಿಕಿತ್ಸೆ ತರಬೇತಿ ಇತ್ತು."

ಫ್ಯಾನು ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿತು. ಶ್ಯೂಲ್ವಾನ್ ಅವನ ಕೈ ಹಿಡಿದೆಳೆದು ಮೊಣಕೈಯನ್ನು ಹಿಂದೆ ಮುಂದೆ ನೋಡಿದಳು. ಅಲ್ಲೊಂದು ಹಳೆಯ ಕಲೆಯಿತ್ತು. ದಿನಾ ಕಣ್ಣಿಗೆ ಬೀಳುವ ಜಾಗದಲ್ಲೇ ಇತ್ತು.

"ಶುಕ್ರವಾರದ ಪಾಠ ಬಿಟ್ಬಿಡ್ತೀನಿ," ಅಂದಳು. "ಗುರುವಾರದ ಉಳಿದ ಮನೆಗಳನ್ನೂ ಬೇರೆಯವರಿಗೆ ಕೊಡ್ತೀನಿ. ನಾಲ್ಕು ಗಂಟೆಗೆ ಇಲ್ಲೇ ಕೂತ್ಕೋತೀನಿ. ಸರಿನಾ?"

"ಗುರುವಾರ ನಂಗಾಗಲ್ಲ."

"ಯಾಕೆ?"

"ಮೂರು ಮನೆಗೆ ಹೋಗೋದಿದೆ. ಆ ಕಟ್ಟು ಪೂರ್ತಿ ನೋಡಿದ್ಯಾ?"

ಅವಳು ನೋಡಿರಲಿಲ್ಲ. ಒಂದೊಂದೇ ಹಾಳೆ ಮಗುಚಿದಳು. ಇನ್ನೂ ಹನ್ನೊಂದು ಅರ್ಜಿಗಳಿದ್ದವು. ಹನ್ನೊಂದೂ ಒಂದೇ ಕೈಬರಹ.

"ಇವರೆಲ್ಲ ನಮ್ಮ ಹಾಡಿನ ತಂಡದವರ ಗಂಡಂದಿರು."

"ಹೂಂ."

"ಬರೆದಿರೋನು ನೀನು."

"ಅವರಿಗೆ ಅರ್ಜಿ ತುಂಬೋಕೆ ಬರ್ಲಿಲ್ಲ. ಮನೆಮನೆಗೆ ಹೋಗಿ ಬರ್ಕೊಟ್ಟೆ. ಹೋದಲ್ಲೆಲ್ಲ ಟೀ ಕೊಟ್ರು, ಕೂರಿಸ್ಕೊಂಡ್ರು. ಮತ್ತೆ ಯಾವಾಗ ಬರ್ತೀರಿ ಅಂದ್ರು. ಈಗ ವಾರದಲ್ಲಿ ಐದು ದಿನ ಓಡಾಟ."

"ಹಾಗಿದ್ಮೇಲೆ ನೀನು ಒಂಟಿ ಹೇಗಾದೆ?"

"ಅರ್ಜಿ ಹಾಕಿದಾಗ ಇದ್ದೆ. ನಿಮ್ಮ ಭವನದವರು ತಡ ಮಾಡಿದ್ರು."

ಜಿನ್‌ತಿಯೆನ್ ಎದ್ದು ಅಂಗಿ ತೊಟ್ಟ. ಹೆಚ್ಚಿದ ಸೀಬೆಹಣ್ಣನ್ನೆಲ್ಲ ಒಂದು ಡಬ್ಬಿಗೆ ತುಂಬಿಕೊಂಡ.

"ಎಲ್ಲಿಗೆ ಹೊರಟೆ?"

"ಇವತ್ತು ಗುರುವಾರ."

ಶ್ಯೂಲ್ವಾನ್ ಖಾಲಿ ತಟ್ಟೆಯನ್ನು ನೋಡಿದಳು. ಮನೆಯಲ್ಲಿ ಇನ್ನು ಫ್ಯಾನಿನ ಸದ್ದೊಂದೇ ಉಳಿಯುತ್ತದೆಂಬುದು ಅವಳಿಗೆ ಆಗಷ್ಟೇ ಹೊಳೆದಂತಿತ್ತು.

"ನಾನೂ ಬರ್ಲಾ?"

ಅವನು ಅಂಗಿಯ ಕೊನೆಯ ಗುಂಡಿ ಹಾಕಿಕೊಂಡ.

"ಬಾ. ಆದ್ರೆ ಅಲ್ಲಿ ಹಾಡ್ಬೇಡ. ಅವರೆಲ್ಲ ಒಂಟಿ ಆಗಿರೋದೇ ಆ ಹಾಡಿಂದ."