ಕಪ್ಪುಕುಳಿಗಳ ಮದುವೆ ಕುಣಿತ

ಪೀಸಾ ಬಯಲಿನ ನಮ್ಮ ಯಂತ್ರದ ಕಿವಿ ಎಷ್ಟು ಚುರುಕೆಂದರೆ, ಮೂರು ಹೊಲದಾಚೆ ಹಂದಿ ಸೀನಿದರೂ ಅದಕ್ಕೆ ಮೈ ಜುಮ್ಮೆನ್ನುತ್ತದೆ. ಆಕಾಶದಲ್ಲೆಲ್ಲೋ ಕಪ್ಪುಕುಳಿಗಳು ಡಿಕ್ಕಿ ಹೊಡೆದಾಗ ಏಳುವ ಗುರುತ್ವದ ಅಲೆಯನ್ನು ಹಿಡಿಯುವುದು ಅದರ ಕೆಲಸ. ಆದರೆ ಒತ್ತೊರೀನೊ ಪಾಳಿಗೆ ಕೂತನೆಂದರೆ ಇಡೀ ಬ್ರಹ್ಮಾಂಡವೇ ಬಾಯಿಗೆ ಬೀಗ ಹಾಕಿಕೊಳ್ಳುತ್ತಿತ್ತು. ಏಳು ವರ್ಷದಲ್ಲಿ ಒಂದೇ ಒಂದು ಅಲೆಯಿಲ್ಲ! ಅವನು ಎದುರಾದರೆ ಸಹೋದ್ಯೋಗಿಗಳು ಅಪಶಕುನ ಕಳೆಯಲೆಂದು ಕಬ್ಬಿಣ ಮುಟ್ಟುತ್ತಿದ್ದರು. ಮುಟ್ಟಿ ಮುಟ್ಟಿ ಬಾಗಿಲ ಹಿಡಿಕೆ ಸವೆದು ಸೂಜಿಯಾಗಿತ್ತು.

"ಇವತ್ತೂ ಏನೂ ಬರದಿದ್ರೆ ನಾಳೆಯಿಂದ ನೀನು ಪಂಪ್‌ಹೌಸ್ ಕಾಯಕ್ಕೆ ಹೋಗು," ಎಂದಳು ನಿರ್ದೇಶಕಿ ಫುಲ್ವಿಯಾ.

ಒತ್ತೊರೀನೊ ಬೇಲಿಯಾಚೆಯ ಜಾಯಿರಾ ಅಜ್ಜಿಯ ಮನೆಗೆ ಓಡಿದ. "ಅಜ್ಜೀ, ನಿನ್ನ ದಮ್ಮಯ್ಯ, ಇವತ್ತೊಂದಿನ ಟ್ರ್ಯಾಕ್ಟರ್ ಮುಟ್ಬೇಡ. ನೆಲ ನಡುಗಿದ್ರೆ ನಂಗೆ ಅಲೆ ಕೇಳ್ಸಲ್ಲ."

"ಆಗ್ಲಪ್ಪಾ. ಆದ್ರೆ ಏನು ಬಂತೂಂತ ಮೊದ್ಲು ನಂಗೇ ಹೇಳ್ಬೇಕು."

ಮಧ್ಯಾಹ್ನ ಯಂತ್ರದ ತೆರೆಯ ಮೇಲಿನ ಗೆರೆ ನಾಗರಹಾವಿನಂತೆ ಹೆಡೆಯೆತ್ತಿತು! ಒತ್ತೊರೀನೊ ಕುರ್ಚಿ ಸಮೇತ ಹಾರಿ ಕಿಟಕಿಯಿಂದಲೇ ಕೂಗಿದ: "ಅಜ್ಜೀ! ಎರಡು ಕಪ್ಪುಕುಳಿ! ಬುಗುರಿ ಥರ ತಿರುಗ್ತಾ ತಿರುಗ್ತಾ ಒಂದಾಗ್ಬಿಟ್ವು!"

"ಎರಡು ಒಂದಾದ್ವು ಅಂದ್ರೆ ಮದ್ವೆ ಕಣೋ! ಮದ್ವೇಲಿ ಕುಣೀದೆ ಇರಕ್ಕಾಗತ್ತಾ?"

ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಅಜ್ಜಿಯ ಅಂಗಳದಲ್ಲಿ ಊರಿಗೆ ಊರೇ ನೆರೆಯಿತು. ಅಕಾರ್ಡಿಯನ್ ಬಂತು, ಕೊಡಗಟ್ಟಲೆ ವೈನ್ ಬಂತು. ಅಲೆ ಹಿಡಿದಾಯ್ತಲ್ಲ, ಇನ್ನು ನೆಲ ನಡುಗಿದರೇನು ಎಂದು ವಿಜ್ಞಾನಿಗಳೂ ಧುಮುಕಿದರು. ಕಬ್ಬಿಣ ಮುಟ್ಟುತ್ತಿದ್ದವರೇ ಒತ್ತೊರೀನೊನ ಕೆನ್ನೆಗೆ ಮುತ್ತಿಟ್ಟರು. ಅಜ್ಜಿ ಒಂದೊಂದು ಹೆಜ್ಜೆ ಹಾಕಿದಾಗಲೂ ಪೀಸಾದ ವಾಲಿದ ಗೋಪುರ ಒಂದೊಂದು ಗೇಣು ನೆಟ್ಟಗಾಗುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ.

ಅಷ್ಟರಲ್ಲಿ ಫುಲ್ವಿಯಾ ಲೋಟ ಎತ್ತಿದಳು. "ಭೇಷ್ ಕಣಯ್ಯಾ! ಅದು ನಾವೇ ತೂರಿಸಿದ ಸುಳ್ಳು ಅಲೆ. ಪಾಳಿಯವರ ಕಣ್ಣು ನೆಟ್ಟಗಿದೆಯಾ ನೋಡಕ್ಕೆ ಆಗಾಗ ಗುಟ್ಟಾಗಿ ಬಿಡ್ತೀವಲ್ಲ, ಅದು. ನೀನು ಪಾಸು! ಪಂಪ್‌ಹೌಸ್ ರದ್ದು!"

ಅಳಬೇಕೋ ನಗಬೇಕೋ ತಿಳಿಯದೆ, ನಗೋಣವೆಂದು ಒತ್ತೊರೀನೊ ಬಾಯಿ ತೆರೆದ. ಫುಲ್ವಿಯಾಳ ಫೋನು ಬಡಿದುಕೊಂಡಿತು. ಅಮೆರಿಕದಲ್ಲಿರುವ ಇಂಥದೇ ಯಂತ್ರದವರು.

"ನಮ್ಮ ಆಕಾಶಗಂಗೇಲೇ ನಕ್ಷತ್ರ ಸಿಡೀತು! ಶತಮಾನಕ್ಕೊಮ್ಮೆ ಬರೋ ಅಲೆ ಈಗಷ್ಟೇ ಹಾದುಹೋಯ್ತು! ನಿಮ್ಮಲ್ಲಿ ಹೇಗೆ ಕಾಣ್ತು?"

ಎಲ್ಲರೂ ತೆರೆಯತ್ತ ಓಡಿದರು. ಅದರ ತುಂಬ ಇದ್ದದ್ದು ಒಂದೇ: ಜಾಯಿರಾ ಅಜ್ಜಿಯ ಧಿಂ ಧಿಂ ಹೆಜ್ಜೆ.

ಫುಲ್ವಿಯಾ ಮೊದಲು ಬಾಗಿಲ ಹಿಡಿಕೆ ಮುಟ್ಟಿದಳು. ಆಮೇಲೆ ಪಂಪ್‌ಹೌಸಿನ ಕೀಲಿ ತೆಗೆದು ಒತ್ತೊರೀನೊನ ಅಂಗೈಗಿಟ್ಟಳು.

"ಬೇಜಾರು ಮಾಡ್ಕೋಬೇಡ ಮಗಾ," ಕಿಟಕಿಯಲ್ಲಿ ತಲೆ ತೂರಿಸಿ ಅಜ್ಜಿ ಸಮಾಧಾನ ಹೇಳಿದಳು. "ಬಿಗಿಯಾಗಿ ಹಿಡ್ಕೋ. ಅದೂ ಕಬ್ಬಿಣದ್ದೇ."