ಕಿಟಕಿ ಪಕ್ಕದ ಮೇಜು ಮತ್ತು ಬೆನ್ನ ಹಿಂದಿನ ಸೈನ್ಯ

ತೂಕ ಮತ್ತು ಅಳತೆ ಕಚೇರಿಯಲ್ಲಿ ಒಟ್ಟು ಹದಿನಾಲ್ಕು ಮೇಜುಗಳಿದ್ದು, ಆ ಪೈಕಿ ಕಿಟಕಿ ಇರುವುದು ಒಂದಕ್ಕೆ ಮಾತ್ರ. ಆ ಮೇಜು ಯಾರಿಗೆ ಸಲ್ಲಬೇಕೆಂದು ಹಿರಿತನದ ಮೇಲೆ ತೀರ್ಮಾನಿಸಿದಾಗ ಜಗಳವಾಯಿತು. ಅರ್ಹತೆಯ ಮೇಲೆ ತೀರ್ಮಾನಿಸಿದಾಗ ಯಾರೂ ಸಿಗಲಿಲ್ಲ. ಆದಕಾರಣ ವರ್ಷಕ್ಕೊಮ್ಮೆ ಕೋಟೆ ಆಟದ ಪಂದ್ಯ ನಡೆಸಿ, ಗೆದ್ದವರಿಗೆ ಮೇಜನ್ನು ಒಂದು ವರ್ಷದ ಮಟ್ಟಿಗೆ ಮಂಜೂರು ಮಾಡುವುದು ರೂಢಿಗೆ ಬಂತು.

ಆಟ ಕಷ್ಟದ್ದೇನಲ್ಲ. ಇಬ್ಬರ ನಡುವೆ ಒಂದು ರಟ್ಟಿನ ಮರೆ. ಅದರ ಹಿಂದೆ ಒಬ್ಬೊಬ್ಬರಿಗೂ ನಲವತ್ತು ಮರದ ಗೊಂಬೆ: ಕಾಲಾಳು, ಕುದುರೆ, ಫಿರಂಗಿ. ಯಾವುದು ಎಷ್ಟೆನ್ನುವುದು ಅವರವರಿಗೇ ಗೊತ್ತು. ಅಂದಾಜಿನ ಮೇಲೆ ದಂಡು ಕಳಿಸಬೇಕು, ಪೆಟ್ಟು ತಿನ್ನಬೇಕು.

ಮೊಹರು ಹಾಕುವವರು ಹೀಗೆ ಪೆಟ್ಟು ತಿನ್ನುತ್ತಾ ಹತ್ತೊಂಬತ್ತು ವರ್ಷವಾಗಿತ್ತು. ಅವರ ಮೇಜು ಶೌಚಾಲಯದ ಬಾಗಿಲ ಪಕ್ಕ. ಒಳಗಿಂದ ಯಾರು ಹೊರಬಂದರೂ ಬಾಗಿಲು ಅವರ ಬಲ ಮೊಣಕೈಗೆ ಬಡಿದು ಮೊಹರು ಸೊಟ್ಟಗೆ ಬೀಳುತ್ತಿತ್ತು. ಕ್ರಮೇಣ ಊರಿನ ತೂಕದ ಬಟ್ಟುಗಳ ಮೇಲೆಲ್ಲ ಸೊಟ್ಟ ಮೊಹರೇ ಆಗಿ, ನೇರ ಮೊಹರು ಕಂಡರೆ ಖೋಟಾ ಎಂದು ಮುಟ್ಟುಗೋಲು ಹಾಕಿಕೊಳ್ಳುವ ನಿಯಮ ಜಾರಿಗೆ ಬಂತು.

ನಿವೃತ್ತಿಗೆ ಇನ್ನೊಂದೇ ವರ್ಷ. ಅಷ್ಟರೊಳಗೆ ಒಮ್ಮೆಯಾದರೂ ಕಿಟಕಿ ಪಕ್ಕ ಕೂತು, ಕೈ ಅಲುಗದೆ ಒಂದು ಮೊಹರು ಹಾಕಬೇಕೆಂದು ಅವರಿಗೆ ಆಸೆ. ಹೊಟ್ಟೆ ಉರಿಯಲು ಇನ್ನೊಂದು ಕಾರಣವೂ ಇತ್ತು. ಆರು ವರ್ಷದಿಂದ ಆ ಮೇಜಿನಲ್ಲಿ ಝಾಂಡಾ ಊರಿದ್ದ ತಪಾಸಣೆ ವಿಭಾಗದವರು ಬೇರೆ ಯಾರೂ ಅಲ್ಲ, ಇವರ ಹೆಂಡತಿಯ ತಂಗಿಯ ಗಂಡ, ಸಾಕ್ಷಾತ್ ಷಡ್ಡಕ. ಮನೆಗೆ ಬಂದಾಗಲೆಲ್ಲ ಇವತ್ತು ಗಾಳಿ ಜಾಸ್ತಿ ಆಯ್ತು ಭಾವ, ಶಾಲು ಹೊದ್ದುಕೊಳ್ಳಬೇಕಾಯ್ತು ಎಂದು ಮೂಗು ಒರೆಸಿಕೊಳ್ಳುತ್ತಿದ್ದರು.

ಎದುರಾಳಿಯ ಬಗ್ಗೆ ಏನೂ ತಿಳಿಯದೆ ಆಡುವುದು ಅನ್ಯಾಯ ಎಂದು ಮೊಹರಿನವರು ಅರ್ಜಿ ಬರೆದರು. ಕಚೇರಿ ತಕ್ಷಣವೇ, ಅಂದರೆ ನಾಲ್ಕು ತಿಂಗಳಲ್ಲಿ, ಎದುರಾಳಿ ಮಾಹಿತಿ ಪ್ರಕಟಣಾ ಸಮಿತಿಯನ್ನು ರಚಿಸಿತು.

ಮೊದಲ ಸುತ್ತೋಲೆ: "ಎದುರಾಳಿಯ ಸೈನಿಕರ ಸಂಖ್ಯೆಯನ್ನು ಹತ್ತಿರದ ನಲವತ್ತಕ್ಕೆ ಸರಿಹೊಂದಿಸಿ ಪ್ರಕಟಿಸತಕ್ಕದ್ದು." ಅಭ್ಯಾಸ ಪಂದ್ಯದಲ್ಲಿ ಹತ್ತೊಂಬತ್ತು ಗೊಂಬೆ ಉಳಿಸಿಕೊಂಡಿದ್ದ ಟೈಪಿಸ್ಟಮ್ಮನ ಸೈನ್ಯ ಸೊನ್ನೆ ಎಂದು ಪ್ರಕಟವಾಯಿತು. ಆ ಸೊನ್ನೆಯಿಂದಲೇ ಅವರು ಗೆದ್ದರು.

ಮೊಹರಿನವರು ಮತ್ತೆ ಅರ್ಜಿ ಹಾಕಿದರು. ಎರಡನೇ ಸುತ್ತೋಲೆಯ ಪ್ರಕಾರ ಎದುರಾಳಿಯ ಸಮಗ್ರ ಮಾಹಿತಿ ಇಪ್ಪತ್ತಮೂರು ಪುಟಗಳಲ್ಲಿ ಕೈಸೇರಿತು. ಷಡ್ಡಕನ ಚಪ್ಪಲಿಯ ಅಳತೆ, ಕಟ್ಟಿಸಿದ ಹಲ್ಲು ಎರಡು, ಹಲ್ಲಿ ಕಂಡರೆ ಹೆದರಿಕೆ, ಎಲ್ಲ ಇತ್ತು. ಕುದುರೆಗಳ ಕಾಲಮಿನಲ್ಲಿ "ಸಾಕುವುದಿಲ್ಲ" ಎಂದಿತ್ತು.

ಇಷ್ಟಕ್ಕೆ ಷಡ್ಡಕ ಸುಮ್ಮನಿರುವ ಕುಳವೇ? ತಮ್ಮ ಹಲ್ಲಿನ ವಿಷಯ ಕಚೇರಿಗೆಲ್ಲ ಗೊತ್ತಾದ ಸಿಟ್ಟಿಗೆ ಅವರೂ ಒಂದು ಆಕ್ಷೇಪಣೆ ಗೀಚಿದರು. ಪ್ರತಿ ಆಟಗಾರನಿಗೂ ಸ್ವಂತ ಸೈನ್ಯದ ಬಗ್ಗೆ ಒಂದು ಅರ್ಜಿಯೂ ಇಲ್ಲದೆ ಪೂರ್ತಿ ಮಾಹಿತಿ ಸಿಗುತ್ತಿದೆ, ಇದು ಯಾವ ನ್ಯಾಯ ಎಂದು ಕೇಳಿದರು. ಸಮಿತಿ ಬೆಚ್ಚಿಬಿದ್ದಿತು. ಇಷ್ಟು ದೊಡ್ಡ ಸೋರಿಕೆ ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮೂರನೇ ಸುತ್ತೋಲೆ ಅಂತಿಮ: "ಆಟಗಾರರು ಎದುರಾಳಿಯ ಮಾಹಿತಿಯನ್ನು ಪೂರ್ಣವಾಗಿ ತಿಳಿಯತಕ್ಕದ್ದು, ತಮ್ಮ ಮಾಹಿತಿಯನ್ನು ಯಾವ ಕಾರಣಕ್ಕೂ ತಿಳಿಯತಕ್ಕದ್ದಲ್ಲ."

ಅದರಂತೆ ಅಂತಿಮ ಪಂದ್ಯದ ದಿನ ಸಮಿತಿಯೇ ರಟ್ಟಿನ ಮರೆ ತೆಗೆಸಿ, ಸೈನ್ಯಗಳನ್ನು ಎದುರಾಳಿಗೆ ಮಾತ್ರ ಕಾಣುವಂತೆ ಜೋಡಿಸಿ, ಆಟಗಾರರ ಬೆನ್ನ ಹಿಂದೆ ಸ್ಟೂಲಿನ ಮೇಲೆ ಇಟ್ಟಿತು. ಕತ್ತು ತಿರುಗಿಸಿದರೆ ಅನರ್ಹ. ಒಂದು ಕಡೆ ಮೊಹರಿನವರು, ಇನ್ನೊಂದು ಕಡೆ ಷಡ್ಡಕ.

"ನನ್ನ ಹತ್ರ ಕುದುರೆ ಇದೆಯಾ?" ಎಂದು ಮೊಹರಿನವರು ಕೇಳಿದರು.

"ಹೇಳೋ ಹಾಗಿಲ್ಲ, ಭಾವ."

"ಇದ್ರೆ ನನ್ನ ಪರವಾಗಿ ನೀನೇ ಎರಡು ಕಳಿಸು."

ಹೀಗೆ ಇದ್ದರೆ ಇದ್ದರೆ ಎಂದುಕೊಂಡೇ ಮೂರು ಗಂಟೆ ಯುದ್ಧ ನಡೆಯಿತು. ಫಲಿತಾಂಶವೂ ಮಾಹಿತಿಯೇ ಆದ್ದರಿಂದ ಅದನ್ನು ಲಕೋಟೆಗಳಲ್ಲಿಟ್ಟು ಕೊಡಲಾಯಿತು. ಮೊಹರಿನವರ ಲಕೋಟೆಯಲ್ಲಿ, "ತಮ್ಮ ಎದುರಾಳಿಯು ಸೋತಿರುತ್ತಾರೆ" ಎಂದಿತ್ತು. ಅವರಿಗೆ ಕಣ್ಣು ಮಂಜಾಯಿತು. ಮೊಹರಿನ ಪೆಟ್ಟಿಗೆ, ಮಸಿ ಬಟ್ಟಲು, ನೀರಿನ ಬಾಟಲಿ ಎಲ್ಲ ಎತ್ತಿಕೊಂಡು ನೆಟ್ಟಗೆ ಕಿಟಕಿಯತ್ತ ನಡೆದರು.

ಮೇಲಧಿಕಾರಿ ಅಡ್ಡ ಬಂದು ಲಕೋಟೆ ಓದಿದರು. "ಅವರು ಸೋತಿದ್ದಾರೆ ಅಂತ ಇದೆ. ನೀವು ಗೆದ್ದಿದ್ದೀರಿ ಅಂತ ಎಲ್ಲಿದೆ?"

"ಆಡಿದ್ದು ಇಬ್ಬರೇ ಅಲ್ವಾ ಸಾರ್?"

"ಊಹೆ ಮಾಡೋಕೆ ನಿಯಮದಲ್ಲಿ ಅವಕಾಶ ಇಲ್ಲ. ನಿಮ್ಮ ಫಲಿತಾಂಶ ನಿಮ್ಮ ಎದುರಾಳಿ ಹತ್ರ ಇರತ್ತೆ."

ಷಡ್ಡಕ ತಮ್ಮ ಲಕೋಟೆಯನ್ನು ಜೇಬಿನೊಳಗೆ ಇನ್ನಷ್ಟು ಆಳಕ್ಕೆ ತಳ್ಳಿದರು. ಭಾವನ ಫಲಿತಾಂಶವನ್ನು ಭಾವನಿಗೇ ಹೇಳಿದರೆ ನಿಯಮ ಮುರಿದಂತಾಗುತ್ತದೆ, ಇನ್ನು ತಮ್ಮ ಫಲಿತಾಂಶ ತಮಗೇ ಬಂದಿಲ್ಲ, ಬರುವವರೆಗೆ ಇಲ್ಲೇ ಇರುತ್ತೇನೆ ಎಂದು ವಿನಯದಿಂದ ತಿಳಿಸಿ ಶಾಲು ಸರಿಮಾಡಿಕೊಂಡರು. ಮೇಲಧಿಕಾರಿಗೂ ಅದು ಸರಿ ಕಂಡಿತು. ಸಂಜೆ ಮನೆಯಲ್ಲಿ ಹೆಂಡತಿ, ಗೆದ್ದಿದ್ದೀರಂತಲ್ಲ, ತಂಗಿ ಫೋನ್ ಮಾಡಿದ್ದಳು ಎಂದಾಗ ಮೊಹರಿನವರು ಎರಡೂ ಕಿವಿ ಮುಚ್ಚಿಕೊಂಡರು. ಅನರ್ಹರಾಗಲು ಅವರು ಸಿದ್ಧರಿರಲಿಲ್ಲ.

ಮರುದಿನ ಆದೇಶ ಹೊರಟಿತು: ವಿಜೇತರು ಯಾರೆಂದು ವಿಜೇತರಿಗೆ ತಿಳಿಯುವವರೆಗೆ ಕಿಟಕಿ ಮೇಜು ಹಾಲಿ ಅನುಭವದಾರರಲ್ಲೇ ಮುಂದುವರಿಯತಕ್ಕದ್ದು. ಆದೇಶ ಮೊಹರಿಗಾಗಿ ಶೌಚಾಲಯದ ಪಕ್ಕದ ಮೇಜಿಗೆ ಬಂತು.

ಮೊಹರಿನವರು ಅದನ್ನು ಎರಡು ಸಲ ಓದಿದರು. ಇದೊಂದಕ್ಕೆ ಮೊಹರು ನೇರವಾಗಿ ಬಿದ್ದುಬಿಟ್ಟರೆ ಆದೇಶ ಖೋಟಾ ಆಗುತ್ತದೆ ಎಂಬುದು ಅವರಿಗೆ ಹೊಳೆಯಿತು. ಬಾಗಿಲಿಗೆ ಕಿವಿಗೊಟ್ಟರು. ಒಳಗೆ ಸದ್ದಿಲ್ಲ. ಉಸಿರು ಬಿಗಿಹಿಡಿದು, ಮಸಿ ಒತ್ತಿ, ಕೈಯನ್ನು ನೆಟ್ಟಗೆ ಇಳಿಸಿದರು.

ಬಾಗಿಲು ತೆರೆಯಿತು. ಶಾಲು ಹೊದ್ದ ಷಡ್ಡಕ ಕೈ ಒರೆಸಿಕೊಳ್ಳುತ್ತಾ ಹೊರಬಂದು, "ಸಾರಿ ಭಾವ" ಎಂದು ಕಿಟಕಿಯತ್ತ ಹೋದರು.

ಮೊಹರು ಸೊಟ್ಟಗೆ ಬಿದ್ದಿತ್ತು. ಮೇಲಧಿಕಾರಿ ಬೆಳಕಿಗೆ ಹಿಡಿದು ನೋಡಿ, ಆದೇಶ ಅಸಲಿಯೇ ಎಂದು ದೃಢಪಡಿಸಿದರು. ಮೊಹರಿನವರೂ ಕನ್ನಡಕ ಏರಿಸಿ ನೋಡಿ, ಮೊಣಕೈ ನೀವಿಕೊಳ್ಳುತ್ತಾ, ಹೌದೆಂದು ಒಪ್ಪಿಕೊಂಡರು.