ಮುನ್ನೂರ ಹತ್ತು ಗ್ರಾಂ ಮಾವ

ಮೊದಲೇ ಹೇಳಿಬಿಡುತ್ತೇನೆ, ನಾನು ಸೋತಿಲ್ಲ. ನಮ್ಮ ಹಜಾರದ ಗೋಡೆ ನೋಡಿದವರು ಏನು ಬೇಕಾದರೂ ಅಂದುಕೊಳ್ಳಲಿ, ನನ್ನ ಹೆಂಡತಿ ಮುಸಿಮುಸಿ ನಗಲಿ, ಬೀದಿ ಮೂಲೆಯ ಸ್ಟುಡಿಯೋದವನು ಕನ್ನಡಕ ಒರೆಸಿ ಒರೆಸಿ ಸವೆಸಲಿ. ಸೋತಿಲ್ಲ ಎಂದರೆ ಸೋತಿಲ್ಲ. ನನಗೂ ಸೋಲಿಗೂ ನಡುವೆ ಮುನ್ನೂರ ಹತ್ತು ಗ್ರಾಂ ದಪ್ಪದ ಒಂದು ಹಾಳೆ ಅಡ್ಡ ನಿಂತಿದೆ.

ನನ್ನ ಮಾವ ಕಟ್ಟು ಹಾಕುವವರು. ಅಂದರೆ ಫೋಟೋಗಳಿಗೆ ಚೌಕಟ್ಟು ಕೂರಿಸಿ, ಮುಂದೆ ಗಾಜು, ಹಿಂದೆ ರಟ್ಟು ಬಡಿದು ಕೊಡುವವರು. ನಲವತ್ತು ವರ್ಷ ಊರವರ ಮುಖಗಳನ್ನೆಲ್ಲ ಗಾಜಿನ ಹಿಂದೆ ಕೂರಿಸಿದರು; ತಮ್ಮ ಮುಖಕ್ಕೆಂದು ಒಂದು ಮೊಳೆ ಹೊಡೆದವರಲ್ಲ. ಕ್ಯಾಮೆರಾ ಕಂಡರೆ ಹಲ್ಲುನೋವು ಬಂದವರ ಹಾಗೆ ಬಿಗಿದುಕೊಳ್ಳುವ ಮನುಷ್ಯ. ಅಂಥವರು ಒಂದು ದಿನ ಬಾಯಿ ತುಂಬ ನಕ್ಕರು. ಅವರ ಅಂಗಡಿಯ ಸ್ಟೂಲಿನ ಮೇಲೆ ಕೂತು ನಾನು ಗತ್ತಿನಿಂದ ಹಿಂದಕ್ಕೆ ಒರಗಿದ್ದೆ. ಆ ಸ್ಟೂಲಿಗೆ ಬೆನ್ನಿಲ್ಲ ಎಂಬುದು ನೆಲ ಸೇರಿದ ಮೇಲೆ ಗೊತ್ತಾಯಿತು. ಬಿದ್ದಲ್ಲಿಂದಲೇ ಕೈಲಿದ್ದ ಕ್ಯಾಮೆರಾ ಕ್ಲಿಕ್ಕಿಸಿದೆ. (ನನ್ನ ಶ್ರೇಷ್ಠ ಕೃತಿಗಳೆಲ್ಲ ಬಿದ್ದ ಮೇಲೆಯೇ ಹುಟ್ಟಿವೆ.)

ಈಗ ಮಾವನವರ ಕಣ್ಣು ಮಂಜಾಗಿ, ಅಂಗಡಿ ಮುಚ್ಚುವುದೆಂದು ತೀರ್ಮಾನವಾಯಿತು. ಕಟ್ಟಕಡೆಯ ಚೌಕಟ್ಟನ್ನು ಅವರು ತಮಗೆಂದೇ ಮಾಡಿಕೊಂಡರು. ಮೂಲೆಗಳ ಜೋಡಣೆಯಲ್ಲಿ ಒಂದು ಕೂದಲೂ ತೂರದು. ಅದನ್ನು ನನಗೆ ತೋರಿಸಿ, ಆ ಕಡೆ ಈ ಕಡೆ ನೋಡುತ್ತ, ನಾಚಿಕೊಂಡು ಹೇಳಿದರು: "ಅಳಿಯಂದ್ರೇ, ಆ ನಗು ಇದರಲ್ಲಿ ಕೂರ್ಬೇಕು. ಭಾನುವಾರ ನಿಮ್ಮ ಗೋಡೆಗೆ ನಾನೇ ಹಾಕ್ತೀನಿ. ಸೋಮವಾರ ಅಂಗಡಿ ಬೀಗದ ಕೈ ಕೊಟ್ಬಿಡ್ತೀನಿ."

ನಾನು ಫೋಟೋ ಹಿಡಿದು ಸ್ಟುಡಿಯೋಗೆ ಹೋದೆ. ಅದರ ಮಾಲೀಕನ ನಿಜವಾದ ಹೆಸರು ಬೀದಿಗೆ ಮರೆತುಹೋಗಿದೆ. ಮೂವತ್ತು ವರ್ಷದಿಂದ ಎಲ್ಲರಿಗೂ 'ಅಲ್ಲಾಡಬೇಡಿ, ಅಲ್ಲಾಡಬೇಡಿ' ಎನ್ನುತ್ತ ಬಂದದ್ದರಿಂದ ಅವನನ್ನು ಅಲ್ಲಾಡಬೇಡಿ ಎಂದೇ ಕರೆಯುತ್ತಾರೆ. ಅಲ್ಲಾಡಬೇಡಿ ನನ್ನ ಕೃತಿಯನ್ನು ನೋಡಿ, ಎಡಗೆನ್ನೆಯೆಲ್ಲ ಕತ್ತಲು, ಕ್ಯಾಮೆರಾ ಓರೆ, ಪ್ರಿಂಟ್ ಹಾಕಿದರೆ ಕೊಡಬಹುದಾದ್ದು ಇಷ್ಟೇ ಎಂದು ಒಂದು ನಮೂನೆ ಹಾಳೆ ತೋರಿಸಿದ. ಅದು ಎಣ್ಣೆ ಹಚ್ಚಿದ ಹಣೆಯ ಹಾಗೆ ಮಿರುಗುತ್ತಿತ್ತು. ಹಾಗಾದರೆ ನನ್ನ ಮನೆಯ ಪ್ರಿಂಟರಿನಲ್ಲೇ ಹಾಕಿಕೊಳ್ಳುತ್ತೇನೆ ಎಂದೆ.

"ಹಾಕ್ಕೊಳ್ಳಿ ಸಾರ್," ಎಂದ ಅಲ್ಲಾಡಬೇಡಿ. "ಪಾರ್ಸೆಲ್ ಚೀಟಿ ಥರ ಬರುತ್ತೆ."

ನಾನು ಪಾರ್ಸೆಲ್ ಕಚೇರಿಯಲ್ಲಿ ತೂಕದ ಗುಮಾಸ್ತ. ಈ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಅವನ ಸ್ಟುಡಿಯೋದ ಮೆಟ್ಟಿಲು ಇನ್ನು ಹತ್ತುವುದಿಲ್ಲವೆಂದು ಮೂರು ಜನ ಗಿರಾಕಿಗಳ ಸಮಕ್ಷಮದಲ್ಲಿ ಘೋಷಿಸಿ ಇಳಿದು ಬಂದೆ. (ಒಂದೇ ಮೆಟ್ಟಿಲು ಇದ್ದದ್ದು. ಆದರೂ ಇಳಿದೆ.)

ಅಲ್ಲಿಂದ ನನ್ನ ಕಾಗದ ಪರ್ವ ಶುರುವಾಯಿತು. ದಿನವಿಡೀ ಪರರ ಸಾಮಾನನ್ನು ತೂಗುವವನಿಗೆ ಕಾಗದವನ್ನೂ ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ತೂಗುತ್ತಾರೆಂದು ತಿಳಿದಾಗ ಆದ ಆನಂದವನ್ನು ಹೇಗೆ ಹೇಳಲಿ. ಕಚೇರಿಯ ಕಾಗದ ಎಂಬತ್ತು ಗ್ರಾಂ. ಅಲ್ಲಾಡಬೇಡಿಯದು ಇನ್ನೂರರ ಆಸುಪಾಸು. ನಾನು ಮುನ್ನೂರ ಹತ್ತಕ್ಕಿಂತ ಕೆಳಗೆ ಇಳಿಯಲಾರೆನೆಂದು ಕಾಗದದ ಅಂಗಡಿಯಲ್ಲಿ ಪಟ್ಟು ಹಿಡಿದೆ. ಅಂಗಡಿಯವರು ನಮೂನೆಗಳ ಪುಸ್ತಕ ಮುಂದಿಟ್ಟರು. ನುಣುಪಿನದು, ತರಿಯದು, ಹಾಲುಬಿಳಿ, ಮೊಸರುಬಿಳಿ. ಕಣ್ಣು ಮುಚ್ಚಿ ಒಂದೊಂದರ ಮೇಲೂ ಬೆರಳಾಡಿಸಿದೆ. ಪಕ್ಕದಲ್ಲಿ ನಿಂತಿದ್ದ ಹೆಂಡತಿ, ಕಿಟಕಿಗೆ ಪರದೆ ಬಟ್ಟೆ ಆರಿಸಲು ಹೋಗಿದ್ದಾಗ ನಾನು ಎರಡೇ ನಿಮಿಷಕ್ಕೆ ಕುರ್ಚಿ ಹುಡುಕಿಕೊಂಡು ತೂಕಡಿಸಿದ್ದನ್ನು ಅಂಗಡಿಯವರಿಗೆ ವಿವರವಾಗಿ ತಿಳಿಸಿದಳು.

ಕೊನೆಗೆ ಆರಿಸಿದ್ದು ಮಿರುಗಿಲ್ಲದ, ಶುದ್ಧ ಹತ್ತಿಯಿಂದ ಮಾಡಿದ ಕಾಗದ. ಒಂದು ಕಟ್ಟಿನಲ್ಲಿ ಹತ್ತೇ ಹಾಳೆ.

"ಹತ್ತಿ ಅಂದ್ರೆ, ಒಗೀಬಹುದಾ?" ಎಂದಳು ಹೆಂಡತಿ.

ನೂರು ವರ್ಷ ಬಾಳುತ್ತದೆ ಎಂದೆ. ನೂರು ವರ್ಷ ಯಾರ ಮನೆಯಲ್ಲಿ ಎಂದು ಕೇಳಿದಳು. ಬಾಡಿಗೆ ಮನೆಯಲ್ಲಿರುವವರನ್ನು ಇಂಥ ಪ್ರಶ್ನೆ ಕೇಳಬಾರದು.

ಶಾಯಿಯ ವಿಷಯ ಇನ್ನೂ ಸೂಕ್ಷ್ಮ. ನೀರಲ್ಲಿ ಕರಗುವ ಶಾಯಿ ಬೇಗ ಮಾಸುತ್ತದೆ. ಬಣ್ಣದ ಪುಡಿ ತೇಲುವ ಶಾಯಿ ಕಾಗದ ಕಚ್ಚಿ ಕೂರುತ್ತದೆ. ಅದರಲ್ಲೂ ಕಪ್ಪು ಎರಡು. ಮಿರುಗುವ ಕಾಗದಕ್ಕೆ ಒಂದು, ಮಿರುಗದ್ದಕ್ಕೆ ಇನ್ನೊಂದು. ಇದನ್ನು ನಾನು ಹೆಂಡತಿಗೆ ಅರ್ಧ ಗಂಟೆ ಬೋಧಿಸಿದೆ. ಅವಳು ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು, ಎರಡು ಕಪ್ಪಿನಲ್ಲಿ ಒಂದು ತಪ್ಪಾಗಿ ಹಾಕುವವರು ಯಾರೆಂದು ತನಗೆ ಈಗಲೇ ಗೊತ್ತು ಎಂದಳು.

ಕಾಗದ ಮನೆಯ ಹವೆಗೆ ಒಗ್ಗಬೇಕಂತೆ, ಮಟ್ಟಸವಾಗಿ ಮಲಗಬೇಕಂತೆ. ನಮ್ಮ ಮನೆಯಲ್ಲಿ ಮಟ್ಟಸವಾದದ್ದು ಮಂಚ ಒಂದೇ. ಹಾಗಾಗಿ ಮಂಚ ಕಾಗದಕ್ಕೆ, ಚಾಪೆ ನಮಗೆ. ಕೈಬೆವರು ತಾಗದಿರಲೆಂದು ನಾನು ಬಿಳಿ ಕೈಗವಸು ತೊಟ್ಟೆ. ಹೆಂಡತಿಗೆ ಕಟ್ಟಪ್ಪಣೆ ಮಾಡಿದೆ: ಮಂಚದ ಮೇಲಿನದ್ದನ್ನು ಮುಟ್ಟಬೇಡ, ಎತ್ತಬೇಡ, ಅದರ ಬಗ್ಗೆ ಯಾರೇನು ಕೇಳಿದರೂ ಬಾಯಿ ಹಾಕಬೇಡ. ಇದು ಕಲೆ.

ಮೊದಲು ಕಚೇರಿಯ ಎಂಬತ್ತು ಗ್ರಾಂ ಕಾಗದದಲ್ಲಿ ಚೌಕಟ್ಟಿನ ಅಳತೆಗೇ ಒಂದು ಪರೀಕ್ಷಾ ಪ್ರತಿ ತೆಗೆದೆ. ಸಾಧಾರಣವಾಗಿ ಬಂತು. ಮೂಲೆಯಲ್ಲಿ ಪೆನ್ಸಿಲಿನಿಂದ 'ಕರಡು' ಎಂದು ಗೀಚಿ ಬದಿಗಿಟ್ಟೆ. ಆಮೇಲೆ ಅಸಲಿ ಹಾಳೆ.

ಮೊದಲನೆಯ ಹಾಳೆಯಲ್ಲಿ ಮಾವ ಬೂದಿ ಬಳಿದುಕೊಂಡು ಬಂದರು. ತಪ್ಪು ಕಪ್ಪು. (ಹೊಲಿಗೆ ಯಂತ್ರ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಯಂತ್ರಕ್ಕೂ ನಗು ಬರುತ್ತದೆಂದು ಅವತ್ತು ತಿಳಿಯಿತು.) ಎರಡನೆಯದು ಮುಂದಿನ ತಟ್ಟೆಯಿಂದ ಹೋಗಿ ಒಳಗೆ ಮಡಚಿ ಸಿಕ್ಕಿಕೊಂಡಿತು, ದಪ್ಪ ಹಾಳೆಯನ್ನು ಹಿಂದಿನ ಸೀಳಿನಲ್ಲಿ ಒಂದೊಂದೇ ಇಳಿಸಬೇಕೆಂಬುದು ಆಮೇಲೆ ಓದಿದ್ದು. ಮೂರನೆಯದರಲ್ಲಿ ಮಾವನ ತಲೆ ಓರೆಯಾಗಿ ಅರ್ಧ ಹಾಳೆಯಿಂದಾಚೆ ಹೊರಟುಹೋಗಿತ್ತು. ನಾಲ್ಕರಿಂದ ಒಂಬತ್ತರವರೆಗೆ, ಆರೂ ಹಾಳೆಗಳಲ್ಲಿ, ನಗು ಮೀಸೆಗೆ, ಮೀಸೆ ಗಲ್ಲಕ್ಕೆ ಹರಡಿಕೊಂಡು, ಮಾವ ಮಳೆಯಲ್ಲಿ ನೆನೆದ ಗೋಡೆ ಜಾಹೀರಾತಿನಂತೆ ಬಂದರು. ಶಾಯಿ ಬೈದೆ, ಪ್ರಿಂಟರ್ ಬೈದೆ, ಕಾಗದದ ಅಂಗಡಿಯವರ ಏಳು ತಲೆಮಾರಿಗೆ ತಲುಪಿದ್ದೆ.

ಆಗ ಹೆಂಡತಿ ಎದ್ದು ಬಂದಳು. ಕಟ್ಟಪ್ಪಣೆಗೆ ಗೌರವ ಕೊಟ್ಟು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

"ರೀ, ಬಟ್ಟೆಗೆ ಒಳಮೈ ಹೊರಮೈ ಅಂತಿರುತ್ತೆ. ಇದಕ್ಕೆ ಇಲ್ವಾ?"

ಇತ್ತು. ಒಂದೇ ಮಗ್ಗುಲಿಗೆ ಶಾಯಿ ಹಿಡಿಯುವ ಲೇಪ. ಆರು ಹಾಳೆಗಳನ್ನು ನಾನು ಒಳಮೈ ಮೇಲೆ ಮಾಡಿ ಇಳಿಸಿದ್ದೆ. ಅವಳು ಬೆರಳ ತುದಿ ಒದ್ದೆ ಮಾಡಿ ಉಳಿದ ಹಾಳೆಯ ಒಂದು ಮೂಲೆಗೆ ಒತ್ತಿ, ಅಂಟಿದ ಕಡೆ ತೋರಿಸಿ, ಇದು ಮುಖ ಎಂದು ಹೇಳಿ ಕಾಲರ್ ಹೊಲಿಯಲು ಹೋದಳು. ಮುಟ್ಟಿದಳಲ್ಲ ಎಂದು ರೇಗಿದೆ. ಅಪ್ಪಣೆ ಮತ್ತೆ ಹೊರಡಿಸಿದೆ, ಇನ್ನೂ ದೊಡ್ಡ ದನಿಯಲ್ಲಿ. ಕೆಟ್ಟ ಒಂಬತ್ತು ಹಾಳೆಗಳನ್ನು ಮಾತ್ರ ಅವಳಿಗೆ ದಯಪಾಲಿಸಿದೆ. ಅವಳು ಅವುಗಳಿಂದ ಕಾಲರಿನ ಅಚ್ಚು ಕತ್ತರಿಸಿಕೊಂಡಳು. ಈಗ ಶಾಲೆಯೊಂದರ ಮಕ್ಕಳೆಲ್ಲರ ಕತ್ತುಪಟ್ಟಿ ನನ್ನ ಮಾವನ ಕೆನ್ನೆಯ ಆಕಾರದಲ್ಲಿದೆ.

ಹತ್ತನೆಯ ಹಾಳೆ ಇಂಚಿಂಚಾಗಿ ಹೊರಬಂತು. ಓದುಗರೇ, ಎಡಗೆನ್ನೆಯ ಕತ್ತಲಲ್ಲಿ ಮೂರು ಬಗೆಯ ಕಪ್ಪು ಕಾಣುತ್ತಿತ್ತು. ನಗು ಕಾಗದದ ಮೇಲಿರಲಿಲ್ಲ, ಒಳಗಿಂದ ಬರುತ್ತಿತ್ತು. ನಾನು ಕೈಗವಸಿನಿಂದಲೇ ಕಣ್ಣೊರೆಸಿಕೊಂಡೆ.

ಇಡೀ ದಿನ ಆರಲು ಬಿಟ್ಟೆ. ಮೂಲೆ ಸ್ವಲ್ಪ ಸುರುಳಿ ಏಳುತ್ತಿತ್ತು. ಹಾಗಾಗಿ ಶುಕ್ರವಾರ ಕೆಲಸಕ್ಕೆ ಹೊರಡುವ ಮುನ್ನ ಮಂಚದ ಮೇಲೆ ಒಗೆದ ಬಟ್ಟೆ ಹಾಸಿ, ಅದರ ಮೇಲೆ ನನ್ನ ಕೃತಿಯನ್ನು ಮುಖ ಕೆಳಗೆ ಮಾಡಿ ಮಲಗಿಸಿ, ಬೆನ್ನಿಗೆ ಧೂಳು ತಾಗದಿರಲೆಂದು ಮೇಲೊಂದು ಕಾಗದ ಮುಚ್ಚಿ, ನಾಲ್ಕು ದಪ್ಪ ಪುಸ್ತಕ ಹೇರಿ ಹೋದೆ. ಮೇಲೆ ಮುಚ್ಚಲು ಕೈಗೆ ಸಿಕ್ಕಿದ ಕಾಗದ ಯಾವುದೆಂದು ಆಗ ಗಮನಿಸಲಿಲ್ಲ. ಈಗ ಬಹಳ ಗಮನಿಸುತ್ತೇನೆ.

ಸಂಜೆ ಬಂದಾಗ ಮಂಚ ಖಾಲಿ. ಮಾವ ಬಂದು ಫೋಟೋ ಒಯ್ದರೆಂದು ಹೆಂಡತಿ ಹೇಳಿದಳು. ನನ್ನ ಎದೆ ಉಬ್ಬಿತು. ಭಾನುವಾರ ಅಲ್ಲಾಡಬೇಡಿಯನ್ನೂ ಕರೆಯಿರಿ ಎಂದು ನಾನೇ ಮಾವನಿಗೆ ಹೇಳಿ ಕಳಿಸಿದೆ.

ಭಾನುವಾರ ಮಾವ ಚೌಕಟ್ಟನ್ನು ಎಳೆಮಗುವಿನಂತೆ ಬಟ್ಟೆಯಲ್ಲಿ ಸುತ್ತಿ ತಂದರು. ಹಿಂದೆಯೇ ಅಲ್ಲಾಡಬೇಡಿ. ಮೊಳೆಗೆ ನೇತುಹಾಕಿ, ಬಟ್ಟೆ ಸರಿಸಿ, ಮಾವ ಎರಡು ಹೆಜ್ಜೆ ಹಿಂದಕ್ಕೆ ಬಂದರು.

ಗಾಜಿನ ಹಿಂದೆ ನಗುತ್ತಿದ್ದ ಮಾವ ಎಂಬತ್ತು ಗ್ರಾಂನವರು. ಎಡಗೆನ್ನೆಯಲ್ಲಿ ಒಂದೇ ಬಗೆಯ ಕಪ್ಪು, ಅದೂ ಸೋತ ಕಪ್ಪು. ಕೆಳಮೂಲೆಯಲ್ಲಿ 'ಕರಡು' ಎಂಬ ನನ್ನ ಗೀಚು.

"ರುಜು ಹಾಕಿದ್ರಲ್ಲ, ಅದನ್ನ ಹಾಗೇ ಉಳಿಸ್ದೆ," ಎಂದರು ಮಾವ.

ಅಸಲಿ ಎಲ್ಲಿ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರೇ ನನ್ನ ಭುಜ ತಟ್ಟಿದರು. "ಅಳಿಯಂದ್ರೇ, ಫೋಟೋ ಒಂದು ಕಡೆ ಇರ್ಲಿ. ಅದರ ಕೆಳಗೆ ಒಂದು ಬಿಳೀ ರಟ್ಟು ಜೋಡಿಸಿ ಇಟ್ಟಿದ್ರಲ್ಲ, ನಲವತ್ತು ವರ್ಷದಲ್ಲಿ ಅಂಥ ರಟ್ಟು ನನ್ನ ಕೈಗೆ ಸಿಕ್ಕಿರ್ಲಿಲ್ಲ. ಅಂಟು ಹಚ್ಚಿ ಫೋಟೋ ಕೂರಿಸಿದ್ರೆ ಒಂದು ಸುಕ್ಕಿಲ್ಲ. ಎಲ್ಲಿ ಸಿಗುತ್ತೆ ಅದು?"

ಆ ರಟ್ಟು ಎಂದರೆ ಮುಖ ಕೆಳಗಾಗಿ ಮಲಗಿದ್ದ ನನ್ನ ಹತ್ತನೆಯ ಹಾಳೆ. ತೆಳ್ಳಗಿನದ್ದು ಮುಂದೆ, ದಪ್ಪನೆಯದು ಹಿಂದೆ. ಅವರ ಕಸುಬಿನಲ್ಲಿ ಇನ್ನೊಂದು ಬಗೆಯೇ ಇಲ್ಲ. ಮಂಜುಗಣ್ಣಿನ ಮಾವ ರಟ್ಟನ್ನು ತಿರುಗಿಸಿ ನೋಡುವ ಅಗತ್ಯವಾದರೂ ಏನು. ನನ್ನ ಆಯ್ಕೆಯ ಕಾಗದವನ್ನು ಈ ಭೂಮಿಯ ಮೇಲೆ ಹೊಗಳಿದ ಏಕೈಕ ವ್ಯಕ್ತಿ ಅವರು, ಅದೂ ಅದರ ಬೆನ್ನನ್ನು.

ಹೆಂಡತಿಯ ಕಡೆ ದುರುಗುಟ್ಟಿ ನೋಡಿದೆ. ಅವಳು ಪಿಸುಗುಟ್ಟಿದಳು: "ಬಾಯಿ ಹಾಕಬೇಡ ಅಂದಿದ್ರಿ, ಹಾಕ್ಲಿಲ್ಲ. ಎರಡರಲ್ಲೂ ಅಪ್ಪನೇ ಅಲ್ವಾ ಇರೋದು."

ಅಲ್ಲಾಡಬೇಡಿ ಗಾಜಿಗೆ ಮೂಗು ತಾಗಿಸಿ ನಿಂತಿದ್ದ. ಯಾವ ಕಾಗದ ಸಾರ್ ಎಂದ. ನಾನು ಬೆನ್ನು ನೆಟ್ಟಗೆ ಮಾಡಿ, ಶುದ್ಧ ಹತ್ತಿ, ಮುನ್ನೂರ ಹತ್ತು ಗ್ರಾಂ ಎಂದೆ. ಸುಳ್ಳಲ್ಲ. ಚೌಕಟ್ಟಿನೊಳಗೆ ಇದ್ದೇ ಇತ್ತು. ಅವನು ಕನ್ನಡಕ ಒರೆಸಿಕೊಂಡು, ಇದು ತನ್ನ ರಸೀದಿ ಪುಸ್ತಕದ ಕಾಗದದ ಹಾಗಿದೆಯಲ್ಲ ಎಂದು ಶುರು ಮಾಡಿದ.

ನಿಜ ಹೇಳಿ ಅವನ ಬಾಯಿ ಮುಚ್ಚಿಸಬಹುದಿತ್ತು. ಚೌಕಟ್ಟು ಬಿಚ್ಚಿಸಬಹುದಿತ್ತು. ಆದರೆ ಮಾವ ಗೋಡೆಯನ್ನೇ ನೋಡುತ್ತಿದ್ದರು. "ನಾನು ನಕ್ಕರೆ ಹೀಗಿರ್ತೀನಾ?" ಎಂದು ಯಾರನ್ನೂ ಕೇಳದೆ ಕೇಳಿ, ಥೇಟ್ ಹಾಗೆಯೇ ನಕ್ಕರು. ಅಂಟು ಹಚ್ಚಿ ಕೂರಿಸಿದ್ದನ್ನು ಇನ್ನು ಬಿಡಿಸಲಿಕ್ಕೂ ಆಗದು. ನಾನು ಅಲ್ಲಾಡಲಿಲ್ಲ.

ಹಾಗೆಂದು ಸೋತೆನೇ? ಲೆಕ್ಕ ಹಾಕಿ ನೋಡಿ. ಒಳ್ಳೆಯ ಶಾಯಿಗೆ ಬಿಸಿಲೇ ಶತ್ರು; ಚೌಕಟ್ಟಿನ ಒಳಗಿನಷ್ಟು ಕತ್ತಲು ಇನ್ನೆಲ್ಲಿದೆ? ಮುಂದಿನ ಮಾವ ಎರಡು ವರ್ಷಕ್ಕೆ ಮಾಸುತ್ತಾರೆ, ಹಿಂದಿನ ಮಾವ ನೂರು ವರ್ಷ ಗೋಡೆಯನ್ನು ನೋಡಿ ನಗುತ್ತಿರುತ್ತಾರೆ. ಮೊನ್ನೆ ಮನೆಯಲ್ಲಿ ಯಾರೂ ಇಲ್ಲದಾಗ ಚೌಕಟ್ಟು ಇಳಿಸಿ ತಿರುಗಿಸಿದೆ. ಹಿಂಬದಿಗೆ ಕಂದು ಕಾಗದ ಅಂಟಿಸಿ, ತಮ್ಮ ನಲವತ್ತು ವರ್ಷದ ರೂಢಿಯಂತೆ ಮಾವ ಪೆನ್ಸಿಲಿನಲ್ಲಿ ಬರೆದಿದ್ದರು: 'ಇದು ಬೆನ್ನು. ಗೋಡೆ ಕಡೆಗೆ.' ಅದರ ಕೆಳಗೆ ನಾನೂ ಬರೆದೆ: 'ತಪ್ಪು. ಇದೇ ಮುಖ. ಸೋತಿಲ್ಲ.' ಸಮಾಧಾನವಾಯಿತು.

ನಿನ್ನೆ ಮತ್ತೆ ಇಳಿಸಿ ನೋಡಿದೆ. ನನ್ನ ಸಾಲಿನ ಕೆಳಗೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ, ಇನ್ನೊಂದು ಸಾಲು ಸೇರಿತ್ತು:

'ಗೊತ್ತು. ಇಳಿಸಿದ್ದೀರಲ್ಲ, ಧೂಳು ಒರೆಸಿ ಹಾಕಿ.'